‘ವೈಫೈ ಬರ್ತಿಲ್ಲ’ ಅನ್ನುವ ಮೊದಲು ಫೋನ್ ಏನು ಹೇಳ್ತಿದೆ ಅಂತ ಓದಿ

ನಮಸ್ಕಾರ. ಶಿವಮೊಗ್ಗದಿಂದ ಮಾತಾಡುತ್ತಿದ್ದೇನೆ. ಹಿಂದೆ ಏನಾದರೂ ಸದ್ದು ಕೇಳಿಸಿದರೆ ಅದು ಮಳೆಯದ್ದು. ಬೆಳಗ್ಗಿನಿಂದ ಬಿಟ್ಟಿಲ್ಲ.

ಇವತ್ತು ಫೋನ್ ಮನೆ ವೈಫೈಗೆ ಕನೆಕ್ಟ್ ಆಗದೇ ಇರುವ ವಿಷಯ ತಗೊಂಡಿದ್ದೇನೆ. ಇದೇನು ದೊಡ್ಡ ವಿಷಯ ಅಂತ ಪೇಟೆಯಲ್ಲಿ ಇರುವವರಿಗೆ ಅನ್ನಿಸಬಹುದು. ವೈಫೈ ಇಲ್ಲದಿದ್ದರೆ ಮೊಬೈಲ್ ಡೇಟಾ ಇದೆ ಅಲ್ವಾ? ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಅದಿಲ್ಲ. ಗುಡ್ಡದ ಕೆಳಗೆ ಮನೆ, ಎದುರಿಗೆ ಅಡಿಕೆ ತೋಟ, ಸುತ್ತ ಕಾಡು. ಟವರ್ ಸಿಗ್ನಲ್ ಅಲ್ಲಿಗೆ ಇಳಿಯುವುದೇ ಇಲ್ಲ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ನಮ್ಮ ಕಡೆಯ ಮಕ್ಕಳು ಗುಡ್ಡ ಹತ್ತಿ, ಕೊಡೆ ಹಿಡಿದುಕೊಂಡು ಆನ್‌ಲೈನ್ ಕ್ಲಾಸ್ ಕೇಳಿದ್ದು ನೆನಪಿದೆಯಲ್ಲ? ಅದೇ ಹೊತ್ತಿಗೆ ವೈಫೈ ಕಾಲಿಂಗ್ ಅನ್ನುವುದೂ ಬಂದಿತ್ತು. 2019ರ ಕೊನೆಯಿಂದ ನಮ್ಮ ದೇಶದಲ್ಲಿ ಇದು ಶುರುವಾಯಿತು. ಅಂದರೆ ಮಾಮೂಲಿ ಫೋನ್ ಕರೆಯೂ ಮನೆಯ ವೈಫೈ ಮೇಲೇ ಹೋಗುತ್ತದೆ. ಹೀಗಾಗಿ ಅಂಥ ಮನೆಯಲ್ಲಿ ವೈಫೈ ಹೋದರೆ ಫೋನೇ ಹೋದಂತೆ. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಕರೆ ಮಾಡಲಿಕ್ಕೂ ದಾರಿ ಇಲ್ಲ. ಅದಕ್ಕೇ ನಾನು ಇದನ್ನು ಸಣ್ಣ ವಿಷಯ ಅನ್ನುವುದಿಲ್ಲ.

ನಮ್ಮ ದೊಡ್ಡಮ್ಮನ ಮನೆ ಹೊಸನಗರ ತಾಲೂಕಿನಲ್ಲಿ. ಅವರು, ದೊಡ್ಡಪ್ಪ, ಇಬ್ಬರೇ ಇರುವುದು. ಮಗ ಬೆಂಗಳೂರಲ್ಲಿ. ಒಂದು ಆರಿದ್ರಾ ಮಳೆಯ ಹೊತ್ತಿಗೆ ಅವನು ಊರಿಗೆ ಬಂದಿದ್ದ. ವೈಫೈ ಪಾಸ್‌ವರ್ಡ್ ತುಂಬ ಸುಲಭದ್ದಾಯ್ತು ಅಂತ ಬದಲಾಯಿಸಿದ. ಟಿವಿಗೆ ಹೊಸದನ್ನು ಹಾಕಿದ, ಅಪ್ಪನ ಫೋನ್‌ಗೂ ಹಾಕಿದ. ಅಮ್ಮನ ಫೋನ್ ಅಡುಗೆಮನೆಯಲ್ಲಿ ಚಾರ್ಜ್‌ಗೆ ಇತ್ತು, ಮರೆತುಹೋಯಿತು. ರಾತ್ರಿ ಬಸ್ಸಿಗೆ ಹೊರಟೂ ಹೋದ.

ಮರುದಿನ ದೊಡ್ಡಮ್ಮನ ಫೋನ್‌ಗೆ ವೈಫೈ ಹತ್ತಲಿಲ್ಲ. ಎಲ್ಲರೂ ಹೇಳುವ ಹಾಗೆ ಅವರೂ ಹೇಳಿದ್ದು, “ವೈಫೈ ಬರ್ತಿಲ್ಲ.” ಪಕ್ಕದ ಮನೆಯ ಹುಡುಗ ಸಹಾಯಕ್ಕೆ ಬಂದ. ಒಳ್ಳೆ ಹುಡುಗ, ಕರೆದ ತಕ್ಷಣ ಮಳೆಯಲ್ಲೇ ಓಡಿ ಬಂದ. ಬಂದವನು ವೈಫೈ ಬಾಕ್ಸ್ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ಹತ್ತು ಸೆಕೆಂಡ್ ಒತ್ತಿ ಹಿಡಿದ. ಅದು ರೀಸೆಟ್ ತೂತು. ಕಂಪನಿಯವರು ಬಾಕ್ಸ್ ಒಳಗೆ ತುಂಬಿಸಿದ್ದ ಯೂಸರ್ ನೇಮ್, ಪಾಸ್‌ವರ್ಡ್, ಸೆಟ್ಟಿಂಗ್ ಎಲ್ಲ ಅಳಿಸಿಹೋಯಿತು. ಆಗ ಟಿವಿಯೂ ಹೋಯಿತು, ದೊಡ್ಡಪ್ಪನ ಫೋನೂ ಹೋಯಿತು. ದಾರಿಯಲ್ಲಿ ದರೆ ಕುಸಿದಿತ್ತು, ರಿಪೇರಿಯವರು ಬರುವುದಕ್ಕೆ ಐದು ದಿನ ಹಿಡಿಯಿತು. ಐದು ದಿನ ಆ ಮನೆಯಿಂದ ಒಂದು ಕರೆ ಇಲ್ಲ.

ನಾನು ಆಮೇಲೆ ಹೋದಾಗ ಕೇಳಿದೆ, “ದೊಡ್ಡಮ್ಮ, ಅವತ್ತು ಫೋನ್‌ನಲ್ಲಿ ಏನಂತ ಬರೆದಿತ್ತು?” ಅವರು, “ಏನೋ ಇಂಗ್ಲಿಷಲ್ಲಿ ಬಂತು ಮಾರಾಯ, ನಂಗೆಲ್ಲಿ ಗೊತ್ತಾಗ್ತದೆ” ಅಂದರು. ಹಳೇ ಪಾಸ್‌ವರ್ಡನ್ನೇ ಹಾಕಿ ನಾನು ತೋರಿಸಿದೆ. “ಚೆಕ್ ಪಾಸ್‌ವರ್ಡ್ ಅಂಡ್ ಟ್ರೈ ಅಗೇನ್” ಅಂತ ವೈಫೈ ಹೆಸರಿನ ಕೆಳಗೇ ಸಣ್ಣ ಅಕ್ಷರದಲ್ಲಿ ಬಂತು. “ಹೌದು, ಇದೇ” ಅಂದರು. ಪಾಸ್‌ವರ್ಡ್ ತಪ್ಪಾಗಿದೆ ಅಂತ ಫೋನ್ ಅವತ್ತೇ ಹೇಳಿತ್ತು. ಓದಿದವರು ಇರಲಿಲ್ಲ, ಅಷ್ಟೇ.

ನಾನು ಇವತ್ತು ಹೇಳಬೇಕು ಅಂತಿರುವುದು ಇದನ್ನೇ. ಫೋನ್ ತನ್ನ ತೊಂದರೆ ಏನು ಅಂತ ಹೇಳುತ್ತದೆ. ಮನೆಯಲ್ಲಿ ಇರುವವರಿಗೆ ಅದು ಓದಲಿಕ್ಕೆ ಬರಬೇಕು. ಬೆಂಗಳೂರಲ್ಲಿ ಇರುವ ಮಗನಿಗೆ ಬಂದರೆ ಸಾಲದು.

ಮೊದಲು ಒಂದು ಪರೀಕ್ಷೆ ಮಾಡಿ. ಮನೆಯಲ್ಲಿ ಇನ್ನೊಂದು ಫೋನ್ ಇದ್ದರೆ ಅದರಲ್ಲಿ ವೈಫೈ ನಡೆಯುತ್ತಿದೆಯಾ ನೋಡಿ. ನಡೆಯುತ್ತಿದ್ದರೆ ತೊಂದರೆ ಬಹುಪಾಲು ನಿಮ್ಮ ಫೋನ್‌ನಲ್ಲಿ, ಬಾಕ್ಸ್ ಮುಟ್ಟಬೇಡಿ. ಯಾವುದರಲ್ಲೂ ಇಲ್ಲದಿದ್ದರೆ ಬಾಕ್ಸ್ ಕಡೆ ಹೋಗಿ. ಅರ್ಧ ನಿಮಿಷದ ಕೆಲಸ. ದೊಡ್ಡಮ್ಮನ ಮನೆಯಲ್ಲಿ ಇದೊಂದನ್ನು ಮಾಡಿದ್ದರೂ ಆ ಪಿನ್ನು ಹೊರಗೆ ಬರುತ್ತಿರಲಿಲ್ಲ.

ಫೋನ್ ವೈಫೈಗೆ ಸೇರುವಾಗ ಏನೇನು ನಡೆಯುತ್ತದೆ ಅಂತ ದೊಡ್ಡಮ್ಮನಿಗೆ ನಾನು ಹೇಳಿದ್ದು ಊಟದ ಮನೆಯ ಲೆಕ್ಕದಲ್ಲಿ. ಮದುವೆ ಮನೆಗೆ ಹೋಗುತ್ತೇವೆ. ಮೊದಲು ದೂರದಿಂದ ಚಪ್ಪರ ಕಾಣಬೇಕು. ಆಮೇಲೆ ಬಾಗಿಲಲ್ಲಿ ಒಳಗೆ ಕರೆಯಬೇಕು. ಆಮೇಲೆ ಪಂಕ್ತಿಯಲ್ಲಿ ಒಂದು ಎಲೆ ಸಿಗಬೇಕು. ಕೊನೆಗೆ ಬಡಿಸಬೇಕು. ವೈಫೈಯೂ ಇಷ್ಟೇ. ಫೋನ್‌ಗೆ ವೈಫೈ ಹೆಸರು ಕಾಣಬೇಕು, ಪಾಸ್‌ವರ್ಡ್ ಒಪ್ಪಬೇಕು, ಐಪಿ ಅಡ್ರೆಸ್ ಅನ್ನುವ ನಂಬರ್ ಸಿಗಬೇಕು, ಇಂಟರ್ನೆಟ್ ಹರಿಯಬೇಕು. ಎಲ್ಲಿ ನಿಂತಿತು ಅನ್ನುವುದನ್ನು ಫೋನ್ ಹೇಳುತ್ತದೆ.

ಚಪ್ಪರವೇ ಕಾಣುತ್ತಿಲ್ಲ, ಅಂದರೆ ಪಟ್ಟಿಯಲ್ಲಿ ನಿಮ್ಮ ವೈಫೈ ಹೆಸರೇ ಇಲ್ಲ ಅನ್ನಿ. ಬಾಕ್ಸ್ ಆನ್ ಇದೆಯಾ ನೋಡಿ. ಇದ್ದರೆ ಫೋನ್ ಹಿಡಿದುಕೊಂಡು ಬಾಕ್ಸ್ ಪಕ್ಕಕ್ಕೇ ಹೋಗಿ ನಿಲ್ಲಿ. ಅಲ್ಲಿ ಹೆಸರು ಬಂದರೆ ತೊಂದರೆ ಗೋಡೆಯದ್ದು. ನಮ್ಮ ಮಲೆನಾಡಿನ ಮನೆಗಳ ಬಗ್ಗೆ ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು. ವೈರ್ ಮನೆಗೆ ಎಲ್ಲಿ ಬರುತ್ತದೋ ಬಾಕ್ಸ್ ಅಲ್ಲೇ ಕೂರುತ್ತದೆ. ಅಂದರೆ ಜಗಲಿಯ ಕಿಟಕಿಯ ಮೇಲೆ. ದೊಡ್ಡಮ್ಮನ ಮನೆಯಲ್ಲಿ ಜಗಲಿ ದಾಟಿ ನಡುಮನೆ, ನಡುಮನೆ ದಾಟಿ ಅಡುಗೆಮನೆ. ನಡುವೆ ಎರಡು ಗೋಡೆ, ಒಂದೊಂದೂ ಒಂದೂವರೆ ಅಡಿ ದಪ್ಪದ ಹಳೇ ಮಣ್ಣಿನ ಗೋಡೆ. ನಡುಮನೆಯ ಗೋಡೆಗೆ ಒತ್ತಿಕೊಂಡು ಕಬ್ಬಿಣದ ಬೀರು ಬೇರೆ. ಲೋಹ ವೈಫೈ ತರಂಗವನ್ನು ತಡೆಯುತ್ತದೆ, ನೀರು ಹೀರಿಕೊಳ್ಳುತ್ತದೆ. ಹಾಗಾಗಿ ಮಳೆಗಾಲದಲ್ಲಿ ಥಂಡಿ ಕುಡಿದ ಗೋಡೆ ಬೇಸಿಗೆಗಿಂತ ಜಾಸ್ತಿ ಅಡ್ಡ ಬರುತ್ತದೆ. ಏಪ್ರಿಲಲ್ಲಿ ಅಡುಗೆಮನೆಗೆ ಬರುತ್ತಿದ್ದದ್ದು ಜುಲೈನಲ್ಲಿ ಬರುವುದಿಲ್ಲ ಅಂತ ಜನ ಹೇಳುವುದು ಸುಳ್ಳಲ್ಲ. ಬಾಕ್ಸನ್ನು ನಡುಮನೆಗೆ, ಎತ್ತರಕ್ಕೆ, ಬೀರುವಿನಿಂದ ದೂರ ತನ್ನಿ. ಒಳಗಿನವರೆಗೆ ಉದ್ದ ವೈರ್ ಹಾಕಿಕೊಡಿ ಅಂತ ಕನೆಕ್ಷನ್ ಕೊಡುವ ದಿನವೇ ಹಠ ಮಾಡಿ ಕೇಳಿ. ಆಮೇಲೆ ಯಾರೂ ಬರುವುದಿಲ್ಲ.

ಇನ್ನೊಂದು ಗೊಂದಲ. ಈಗಿನ ಎಷ್ಟೋ ಬಾಕ್ಸ್‌ಗಳು ಎರಡು ಹೆಸರು ತೋರಿಸುತ್ತವೆ, ಒಂದರ ಕೊನೆಗೆ 5ಜಿ ಅಂತ ಇರುತ್ತದೆ. ಅದು ಮೊಬೈಲ್ ಟವರ್‌ನ 5ಜಿ ಅಲ್ಲ. 5 ಗಿಗಾಹರ್ಟ್ಜ್ ಅಂತ ಅರ್ಥ, ವೈಫೈ ತರಂಗ ಎಷ್ಟು ವೇಗವಾಗಿ ಮಿಡಿಯುತ್ತದೆ ಅನ್ನುವ ಲೆಕ್ಕ ಅದು. ಇನ್ನೊಂದು 2.4 ಗಿಗಾಹರ್ಟ್ಜ್. 5ರದ್ದು ವೇಗ ಜಾಸ್ತಿ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. 2.4ರದ್ದು ನಿಧಾನ, ಆದರೆ ದೂರ ಹೋಗುತ್ತದೆ. ಕಡಿಮೆ ಬೆಲೆಯ ಎಷ್ಟೋ ಹಳೇ ಫೋನ್‌ಗಳಿಗೆ 5ರದ್ದು ಕಾಣುವುದೇ ಇಲ್ಲ. ದಪ್ಪ ಗೋಡೆಯ ಮನೆಯಲ್ಲಿ 2.4 ಹಿಡಿದುಕೊಳ್ಳಿ. ಹೆಸರಲ್ಲಿ 5 ಇದೆ ಅಂತ ಅದನ್ನೇ ಒತ್ತಬೇಡಿ.

ಬಾಗಿಲಲ್ಲೇ ತಡೆದರೆ ಪಾಸ್‌ವರ್ಡ್. ಆ ವೈಫೈ ಹೆಸರನ್ನು ಒತ್ತಿ ‘ಫರ್ಗೆಟ್’ ಕೊಡಿ, ಹೊಸದಾಗಿ ಪಾಸ್‌ವರ್ಡ್ ಹಾಕಿ. ಪಕ್ಕದಲ್ಲಿ ಕಣ್ಣಿನ ಗುರುತು ಇರುತ್ತದೆ, ಅದನ್ನು ಒತ್ತಿದರೆ ನೀವು ಹೊಡೆದ ಅಕ್ಷರ ಕಾಣುತ್ತದೆ. ದೊಡ್ಡಕ್ಷರ, ಸಣ್ಣಕ್ಷರ ಎರಡೂ ಬೇರೆ ಬೇರೆ ಲೆಕ್ಕ. ಕಮ್ಮಿ ಅಂದರೂ 8 ಅಕ್ಷರ ಇರಬೇಕು. ಪಾಸ್‌ವರ್ಡ್ ಸರಿಯೇ ಇದ್ದೂ ಹಳೇ ಫೋನ್ ಒಂದೇ ಒಳಗೆ ಹೋಗುತ್ತಿಲ್ಲ ಅಂದರೆ, ಹೊಸ ಬಾಕ್ಸಿನಲ್ಲಿ ಡಬ್ಲ್ಯುಪಿಎ3 ಅನ್ನುವ ಬೀಗ ಹಾಕಿರಬಹುದು. ಅದು ಬಂದದ್ದು 2018ರಲ್ಲಿ, ಹಳೇ ಫೋನ್‌ಗಳಿಗೆ ಗೊತ್ತಿಲ್ಲ. ಅದಕ್ಕಿಂತ ಹಳೇ ಬೀಗ ಡಬ್ಲ್ಯುಪಿಎ2 ಕೂಡ ನಡೆಯುವ ಹಾಗೆ ಇಡಿ ಅಂತ ಕಂಪನಿಯವರಿಗೆ ಹೇಳಿ, ಮಾಡಿಕೊಡುತ್ತಾರೆ.

“ಅಬ್ಟೈನಿಂಗ್ ಐಪಿ ಅಡ್ರೆಸ್” ಅಂತ ಬಂದು ಅಲ್ಲೇ ನಿಂತರೆ ಎಲೆ ಸಿಕ್ಕಿಲ್ಲ ಅಂತ. ಕರೆಂಟು ನಾಲ್ಕು ಸಲ ಹೋಗಿ ಬಂದ ದಿನ ಹೀಗೆ ಆಗುವುದುಂಟು. ಯಾವ ಫೋನ್‌ಗೆ ಯಾವ ನಂಬರ್ ಕೊಟ್ಟಿದ್ದೆ ಅನ್ನುವುದು ಬಾಕ್ಸಿಗೆ ಮರೆತಿರಬಹುದು, ಫೋನ್ ಹಳೇ ನಂಬರನ್ನೇ ಕೇಳುತ್ತಿರಬಹುದು. ಇಲ್ಲಿ ರೀಸ್ಟಾರ್ಟ್ ಕೆಲಸ ಮಾಡುತ್ತದೆ. ಪ್ಲಗ್ ಕಿತ್ತು ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿ. ಎರಡು ಬಾಕ್ಸ್ ಇದ್ದರೆ ಹೊರಗಿನಿಂದ ಇಂಟರ್ನೆಟ್ ತರುವ ಫೈಬರ್ ವೈರ್ ಬರುವ ಬಾಕ್ಸ್ ಮೊದಲು, ಎರಡು ನಿಮಿಷ ಬಿಟ್ಟು ರೂಟರ್, ಅಂದರೆ ವೈಫೈ ಕೊಡುವ ಬಾಕ್ಸ್. ಫೋನನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿ. ರೀಸ್ಟಾರ್ಟ್ ಅಂದರೆ ಪ್ಲಗ್, ರೀಸೆಟ್ ಅಂದರೆ ಪಿನ್ನು. ಎರಡರ ಹೆಸರು ಹತ್ತಿರ ಇದೆ, ಕೆಲಸ ಬೇರೆ. ದಯವಿಟ್ಟು ಆ ತೂತಿನ ಮೇಲೆ ಒಂದು ಚೂರು ಟೇಪ್ ಅಂಟಿಸಿಬಿಡಿ.

“ಕನೆಕ್ಟೆಡ್ ವಿದೌಟ್ ಇಂಟರ್ನೆಟ್” ಅಂದರೆ ಎಲೆ ಹಾಕಿದೆ, ಬಡಿಸಿಲ್ಲ. ಎಲ್ಲಾ ಫೋನ್‌ಗಳಲ್ಲೂ ಹೀಗೇ ಬಂದರೆ ನಿಮ್ಮ ಫೋನ್‌ನ ತಪ್ಪು ಏನೂ ಇಲ್ಲ. ರೀಚಾರ್ಜ್ ಮುಗಿದಿದೆಯಾ ನೋಡಿ. ಬಾಕ್ಸಿನ ಮೇಲೆ ಎಲ್ಒಎಸ್ ಅಂತ ಬರೆದ ದೀಪ ಕೆಂಪಗೆ ಉರಿಯುತ್ತಿದ್ದರೆ ಹೊರಗಿನ ಫೈಬರ್‌ನಿಂದ ಬೆಳಕು ಬರುತ್ತಿಲ್ಲ. ಮರದ ಕೊಂಬೆ ಬಿದ್ದಿರಬಹುದು, ಮಂಗ ಎಳೆದಿರಬಹುದು. ಒಂದೇ ಫೋನ್‌ನಲ್ಲಿ ಹೀಗಾದರೆ ತಾರೀಖು, ಟೈಮ್ ಸರಿ ಇದೆಯಾ ನೋಡಿ. ತಾರೀಖು ತಪ್ಪಿದ್ದರೆ ಎಷ್ಟೋ ಆ್ಯಪ್‌ಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಇಂಟರ್ನೆಟ್ಟನ್ನು ಬೇರೆ ದಾರಿ ಸುತ್ತಿಸಿ ಕಳಿಸುವ ವಿಪಿಎನ್ ಆನ್ ಆಗಿದ್ದರೆ ಆಫ್ ಮಾಡಿ.

ಇಷ್ಟೆಲ್ಲ ಆದ ಮೇಲೂ ಒಂದು ಫೋನ್ ಹಠ ಹಿಡಿದರೆ ಫೋನಿನ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಅಂತ ಇದೆ. ಮೊಮ್ಮಕ್ಕಳ ಫೋಟೋ ಹೋಗಿಬಿಡುತ್ತದೆ ಅಂತ ದೊಡ್ಡವರು ಹೆದರುತ್ತಾರೆ. ಫೋಟೋ ಎಲ್ಲೂ ಹೋಗುವುದಿಲ್ಲ. ಉಳಿಸಿಟ್ಟ ವೈಫೈ ಪಾಸ್‌ವರ್ಡ್, ಬ್ಲೂಟೂತ್ ಜೋಡಣೆ, ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್ ಇಂಥವು ಮಾತ್ರ ಅಳಿಸುತ್ತವೆ. ಅದಕ್ಕೇ ಪಾಸ್‌ವರ್ಡ್ ಕೈಯಲ್ಲಿ ಇಟ್ಟುಕೊಂಡೇ ಇದನ್ನು ಮಾಡಿ.

ಗುಡುಗು ಶುರುವಾದರೆ ಬಾಕ್ಸಿನ ಅಡಾಪ್ಟರ್ ಪ್ಲಗ್ ಕಿತ್ತಿಡುವುದನ್ನು ಮರೆಯಬೇಡಿ. ಫೈಬರ್ ಒಳಗಿರುವುದು ಗಾಜಿನ ಎಳೆ, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಸಿಡಿಲಿನ ಹೊಡೆತ ಕರೆಂಟು ಲೈನಿನಿಂದ ಬರುತ್ತದೆ. ಕರೆಂಟು ಹೋದಾಗಲೂ ಫೋನ್ ಬೇಕು ಅನ್ನುವವರು ಒಂದು ಮಿನಿ ಯುಪಿಎಸ್ ತಗೊಳ್ಳಿ. ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿ, ಅದಕ್ಕೆ ಹೊಂದುವಂಥದ್ದೇ ಇರಬೇಕು.

ಈಗ ನನ್ನ ಮನಸ್ಸಿನ ಮಾತು. ಊರಿಗೆ ಹೋದಾಗ ನಾವು ಮಕ್ಕಳು ಅಪ್ಪ ಅಮ್ಮನ ಫೋನ್ ಇಸ್ಕೊಂಡು, ಎರಡು ನಿಮಿಷದಲ್ಲಿ ಪಟಪಟ ಅಂತ ಸರಿ ಮಾಡಿ ವಾಪಸ್ ಕೊಡುತ್ತೇವೆ. ಏನು ಮಾಡಿದೆವು ಅಂತ ಹೇಳುವುದಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ. ಪಂಚಾಂಗ ನೋಡಿ ತಿಥಿ ಹೇಳುವವರಿಗೆ, ಆಕಾಶ ನೋಡಿ ಅಡಿಕೆ ಹರಡಬೇಕೋ ಬೇಡವೋ ಅಂತ ಹೇಳುವವರಿಗೆ ನಾಲ್ಕು ಸಾಲು ಓದಿ ಅರ್ಥ ಮಾಡಿಕೊಳ್ಳುವುದು ಕಷ್ಟ ಅಲ್ಲ. ಆ ನಾಲ್ಕು ಸಾಲು ಅವರ ಭಾಷೆಯಲ್ಲಿ ಇರಬೇಕು. ಆಂಡ್ರಾಯ್ಡ್ ಫೋನ್‌ನಲ್ಲಿ ಕನ್ನಡ ಇದೆ. ಸೆಟ್ಟಿಂಗ್‌ಗೆ ಹೋಗಿ ಭಾಷೆ ಕನ್ನಡ ಅಂತ ಮಾಡಿದರೆ ಈ ಎಲ್ಲ ಸೂಚನೆ ಕನ್ನಡದಲ್ಲೇ ಬರುತ್ತದೆ. ಕೆಲವು ಪದ ಬಿಗಿಯಾಗಿವೆ, ನಿಜ. ಆದರೂ ‘ಪಾಸ್‌ವರ್ಡ್’ ಅನ್ನುವ ಪದ ಕನ್ನಡ ಅಕ್ಷರದಲ್ಲಿ ಕಂಡರೆ ದೊಡ್ಡಮ್ಮನಿಗೆ ಗೊತ್ತಾಗುತ್ತದೆ.

ನಾನು ಅವತ್ತು ಅವರ ಫೋನ್ ಕನ್ನಡಕ್ಕೆ ಬದಲಾಯಿಸಿದೆ. ಒಂದು ರಟ್ಟಿನ ಮೇಲೆ ಪಾಸ್‌ವರ್ಡ್ ದೊಡ್ಡದಾಗಿ ಬರೆದೆ. ದೊಡ್ಡಕ್ಷರದ ಕೆಳಗೆ ಕೆಂಪು ಗೆರೆ ಎಳೆದೆ. ಸೊನ್ನೆ ಯಾವುದು, ‘ಓ’ ಯಾವುದು ಅಂತ ಗೊಂದಲ ಆಗದ ಹಾಗೆ ಎರಡನ್ನೂ ಬಿಟ್ಟು ಹೊಸ ಪಾಸ್‌ವರ್ಡ್ ಮಾಡಿದೆ. ಪಂಚಾಂಗ ನೇತುಹಾಕುವ ಮೊಳೆಗೇ ಅದನ್ನೂ ಸಿಕ್ಕಿಸಿದೆ. ಆಮೇಲೆ ನನ್ನ ಕೈ ಹಿಂದಕ್ಕೆ ಕಟ್ಟಿಕೊಂಡು, ಅವರ ಕೈಯಲ್ಲೇ ಮೂರು ಸಲ ಫರ್ಗೆಟ್ ಮಾಡಿಸಿ, ಮೂರು ಸಲ ಸೇರಿಸಿದೆ. ಮೊದಲ ಸಲ ಹತ್ತು ನಿಮಿಷ ಹಿಡಿಯಿತು. ಮೂರನೇ ಸಲ ನಾನು ಬಾಯಿ ಬಿಡಲಿಲ್ಲ.

ಕಳೆದ ವಾರ ಅವರ ಕರೆ ಬಂತು. ಮಳೆ ಸದ್ದು ಜೋರಾಗಿ ಕೇಳುತ್ತಿತ್ತು. ತೋಟದ ಮೇಲಿನ ದಿಣ್ಣೆಯಲ್ಲಿ ಟವರ್ ಸ್ವಲ್ಪ ಸಿಗುತ್ತದೆ, ಅಲ್ಲಿಗೆ ಕೊಡೆ ಹಿಡಿದು ಹೋಗಿದ್ದರು. “ಎರಡೂ ಫೋನಲ್ಲಿ ಇಂಟರ್ನೆಟ್ ಇಲ್ಲ ಅಂತ ಬರ್ತಿದೆ. ಪ್ಲಗ್ ಕಿತ್ತು ಹಾಕಿ ನೋಡ್ದೆ. ಆ ಎಲ್ಒಎಸ್ ದೀಪ ಕೆಂಪಗೆ ಉರೀತಿದೆ. ಹೊರಗಿನ ವೈರೇ ಹೋಗಿರೋದು ಮಾರಾಯ, ರಿಪೇರಿಯವರಿಗೂ ಹಂಗೇ ಹೇಳಿದೀನಿ” ಅಂದರು. ಮರುದಿನ ರಿಪೇರಿ ಹುಡುಗ ಫೈಬರ್ ಜೋಡಿಸುವ ಮೆಷಿನ್ ಹೊತ್ತುಕೊಂಡೇ ಬಂದ. ಮಾವಿನ ಕೊಂಬೆ ಬಿದ್ದ ಜಾಗ ದೊಡ್ಡಪ್ಪ ತೋರಿಸಿದರು. ಮಧ್ಯಾಹ್ನದ ಊಟದ ಹೊತ್ತಿಗೆ ದೊಡ್ಡಮ್ಮ ಅಡುಗೆಮನೆಯಿಂದಲೇ ನನಗೆ ವಿಡಿಯೋ ಕಾಲ್ ಮಾಡಿದರು.