ಒಂದು ಲೈಬ್ರರಿಗೆ ಮೂರು ಹೆಸರು

ಶೇರ್ಡ್ ಲೈಬ್ರರಿ, ಅಂದರೆ ಹಲವು ಪ್ರೋಗ್ರಾಮುಗಳು ಓಡುವಾಗ ಹಂಚಿಕೊಳ್ಳುವ ಕೋಡಿನ ಫೈಲು. ಅದನ್ನು ಬಳಸುವ ಪ್ರೋಗ್ರಾಮು ಕಂಪೈಲ್ ಆಯಿತು, ಲಿಂಕೂ ಆಯಿತು. ಓಡಿಸಲು ಹೋದರೆ 'ಕ್ಯಾನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್' ಎನ್ನುತ್ತದೆ. ಆ ಲೈಬ್ರರಿ ಫೈಲು ಕಣ್ಣೆದುರೇ ಇದೆ, ಪ್ರೋಗ್ರಾಮಿನ ತುಂಡುಗಳನ್ನು ಜೋಡಿಸುವ ಲಿಂಕರ್‌ಗೆ ಸಿಕ್ಕಿಯೂ ಇತ್ತು. ಹಾಗಾದರೆ ಸಿಗದೇ ಹೋದದ್ದು ಯಾರಿಗೆ? ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರ್ ಇಟ್ಟುಕೊಂಡು ಇದನ್ನು ಬಿಡಿಸಿ ನೋಡೋಣ.

ಲೆಕ್ಕ.ಸಿ ಎಂಬ ಒಂದೇ ಫೈಲಿನಿಂದ ಲೈಬ್ರರಿ ಕಟ್ಟುತ್ತೇವೆ ಎಂದುಕೊಳ್ಳಿ. ಮೊದಲು 'ಜಿಸಿಸಿ -ಸಿ -ಎಫ್‌ಪಿಕ್ ಲೆಕ್ಕ.ಸಿ'. ಇಲ್ಲಿ ಪಿಕ್ ದೊಡ್ಡಕ್ಷರದಲ್ಲಿರಲಿ. ಲೈಬ್ರರಿ ಯಾವ ಪ್ರೋಗ್ರಾಮಿನಲ್ಲಿ ಯಾವ ವಿಳಾಸಕ್ಕೆ ಹೋಗಿ ಕೂರುತ್ತದೋ ಮೊದಲೇ ಗೊತ್ತಿರುವುದಿಲ್ಲ, ಎಲ್ಲಿ ಕೂರಿಸಿದರೂ ಓಡುವ ಕೋಡ್ ಬೇಕು. ಅದಕ್ಕೇ ಈ ಆಯ್ಕೆ. ಬಿಟ್ಟರೆ ಲಿಂಕರ್ ರೀಲೊಕೇಶನ್ (ವಿಳಾಸ ಹೊಂದಿಸುವಿಕೆ) ಎಂದು ಉದ್ದಕ್ಕೆ ಬೈಯುತ್ತದೆ. ಆ ಬೈಗುಳದ ಕೊನೆಯಲ್ಲೇ ಮದ್ದೂ ಇರುತ್ತದೆ, ಅಲ್ಲಿಯವರೆಗೆ ಓದುವವರು ಕಡಿಮೆ. ಸ್ವಂತ ಕೋಡನ್ನೆಲ್ಲ ಸರಿಯಾಗಿ ಕಂಪೈಲ್ ಮಾಡಿಯೂ ಅದೇ ದೂರು ಬಂದರೆ, ಒಳಗೆ ಸೇರಿಸಿಕೊಂಡ ಯಾವುದೋ ಹಳೆಯ ಸ್ಟ್ಯಾಟಿಕ್ ಲೈಬ್ರರಿಯನ್ನು (ಲಿಂಕ್ ಮಾಡುವಾಗಲೇ ಒಳಗೆ ಬೆರೆತುಹೋಗುವಂಥದ್ದನ್ನು) ಅನುಮಾನಿಸಿ.

ಎರಡನೆಯದು: 'ಜಿಸಿಸಿ -ಶೇರ್ಡ್ -ಡಬ್ಲ್ಯುಎಲ್,-ಎಸ್‌ಒನೇಮ್,ಲಿಬ್‌ಲೆಕ್ಕ.ಎಸ್‌ಒ.1 -ಒ ಲಿಬ್‌ಲೆಕ್ಕ.ಎಸ್‌ಒ.1.0.0 ಲೆಕ್ಕ.ಒ'. ಅಲ್ಪವಿರಾಮಗಳ ಪಕ್ಕ ಜಾಗ ಬಿಡಬೇಡಿ.

ಈಗ ಹೆಸರುಗಳ ವಿಷಯ. ಡಿಸ್ಕಿನಲ್ಲಿರುವ ನಿಜವಾದ ಫೈಲು 1.0.0. ನೀವು '-ಎಲ್‌ಲೆಕ್ಕ' ಎಂದಾಗ ಲಿಂಕರ್ ಹುಡುಕುವುದು ಅಂಕಿಯೇ ಇಲ್ಲದ ಲಿಬ್‌ಲೆಕ್ಕ.ಎಸ್‌ಒ. ಆದರೆ ನಿಮ್ಮ ಪ್ರೋಗ್ರಾಮಿನೊಳಗೆ ಬರೆದಿಡುವುದು ಅವೆರಡನ್ನೂ ಅಲ್ಲ. ಎರಡನೆಯ ಆಜ್ಞೆಯಲ್ಲಿ ಕೊಟ್ಟು ಲೈಬ್ರರಿಯ ಹೊಟ್ಟೆಯಲ್ಲಿ ಇಟ್ಟ ಎಸ್‌ಒನೇಮನ್ನು, ಅಂದರೆ ಕೊನೆಗೆ 1 ಇರುವುದನ್ನು. ಓಡುವಾಗ ಲೋಡರ್ (ಲೈಬ್ರರಿಗಳನ್ನು ಹುಡುಕಿ ಮೆಮೊರಿಗೆ ತರುವುದು) ಕೇಳುವುದು ಅದನ್ನೇ. ಪ್ರೋಗ್ರಾಮಿನ ಮೇಲೆ 'ರೀಡೆಲ್ಫ್ -ಡಿ' ಓಡಿಸಿದರೆ ನೀಡೆಡ್ ಸಾಲಿನಲ್ಲಿ ಕಾಣುತ್ತದೆ. ಎಸ್‌ಒನೇಮ್ ಕೊಡದೆ ಕಟ್ಟಿದ ಲೈಬ್ರರಿಯನ್ನು ಪೂರ್ತಿ ಪಾತ್ ಬರೆದು ಲಿಂಕ್ ಮಾಡಿದರೆ ಆ ಪಾತೇ ಅಲ್ಲಿ ಅಚ್ಚಾಗುತ್ತದೆ. ಬೇರೆ ಯಂತ್ರಕ್ಕೆ ಒಯ್ದರೆ ಕೆಟ್ಟಿತು.

ಲೈಬ್ರರಿಯನ್ನು ಸಿಸ್ಟಮ್ ಫೋಲ್ಡರಿಗೆ ಹಾಕಿ ಎಲ್‌ಡಿಕಾನ್ಫಿಗ್ ಓಡಿಸಿದರೆ, ಕೊನೆಗೆ 1 ಇರುವ ಹೆಸರಿನಿಂದ ನಿಜವಾದ ಫೈಲಿಗೆ ಬೊಟ್ಟು ಮಾಡುವ ಸಿಮ್‌ಲಿಂಕನ್ನು ಅದೇ ಮಾಡಿ, ಲೋಡರ್ ನೋಡುವ ಕ್ಯಾಶಿನಲ್ಲೂ ಬರೆದುಕೊಳ್ಳುತ್ತದೆ. ಅಂಕಿಯಿಲ್ಲದ ಲಿಂಕನ್ನು ನಾವೇ ಮಾಡಬೇಕು. ಡೆಬಿಯನ್, ಉಬುಂಟುಗಳಲ್ಲಿ 'ಡೆವ್' ಪ್ಯಾಕೇಜು ಬೇರೆಯಾಗಿ ಹಾಕಿಕೊಳ್ಳಬೇಕಾಗುವುದು ಮುಖ್ಯವಾಗಿ ಈ ಲಿಂಕಿಗೂ ಹೆಡರ್ ಫೈಲುಗಳಿಗೂ. ಇನ್ನು ದೊಡ್ಡಕ್ಷರದ '-ಎಲ್' ಕೊಟ್ಟು ತೋರಿಸಿದ ಫೋಲ್ಡರು ಲಿಂಕ್ ಮಾಡುವ ಹೊತ್ತಿಗೆ ಮಾತ್ರ. ಲೋಡರ್‌ಗೆ ಅದರ ಗಂಧಗಾಳಿ ಇಲ್ಲ. ಮೊದಲು ಕೇಳಿದ ಪ್ರಶ್ನೆಗೆ ಬಹುಪಾಲು ಸಲ ಉತ್ತರ ಇದೇ.

ಎಸ್‌ಒನೇಮಿನ 1 ಯಾವಾಗ 2 ಆಗಬೇಕು? ಹೊಸ ಫಂಕ್ಷನ್ ಸೇರಿಸಿದರೆ ಬೇಕಿಲ್ಲ. ಹೊರಗಿನವರು ಬಳಸುವ ಸ್ಟ್ರಕ್ಟ್ (ಕೆಲವು ಮೌಲ್ಯಗಳ ಕಟ್ಟು) ಒಂದರಲ್ಲಿ ನಾಲ್ಕು ಬೈಟಿನ ಎರಡು ಇಂಟ್ ಇವೆ ಎನ್ನಿ: ದರ 0ನೇ ಬೈಟಿನಲ್ಲಿ, ತೆರಿಗೆ 4ರಲ್ಲಿ. ನಡುವೆ 'ರಿಯಾಯಿತಿ' ತುರುಕಿದಿರಿ. ತೆರಿಗೆ 8ಕ್ಕೆ ಸರಿಯಿತು. ಮತ್ತೆ ಕಂಪೈಲ್ ಆಗದ ಹಳೆಯ ಪ್ರೋಗ್ರಾಮು ಈಗಲೂ 4ರಲ್ಲೇ ಕೈಹಾಕುತ್ತದೆ, ರಿಯಾಯಿತಿಯನ್ನೇ ತೆರಿಗೆ ಎಂದು ಓದುತ್ತದೆ. ದೋಷದ ಸಂದೇಶವೇ ಬರುವುದಿಲ್ಲ, ಬಿಲ್ಲು ತಪ್ಪುತ್ತದೆ ಅಷ್ಟೆ. ಎಸ್‌ಒನೇಮ್ 2 ಮಾಡಿದ್ದರೆ ಹಳೆಯದು ಹಳೆಯ ಲೈಬ್ರರಿಯನ್ನೇ ಹುಡುಕುತ್ತಿತ್ತು.

ಜಿಲಿಬ್‌ಸಿ (ಬಹುತೇಕ ಲಿನಕ್ಸ್ ಪ್ರೋಗ್ರಾಮುಗಳು ಬಳಸುವ ಸಿ ಲೈಬ್ರರಿ) ದಾರಿ ಬೇರೆ. ಅದರ ಎಸ್‌ಒನೇಮ್ ಇಂದಿಗೂ ಲಿಬ್‌ಸಿ.ಎಸ್‌ಒ.6, ಬದಲಾವಣೆಯನ್ನು ಒಂದೊಂದು ಸಿಂಬಲಿಗೂ (ಫಂಕ್ಷನ್ ಮುಂತಾದವುಗಳ ಹೆಸರಿಗೂ) ಆವೃತ್ತಿ ಅಂಟಿಸಿ ನಿಭಾಯಿಸುತ್ತದೆ. 2021ರ 2.34 ಆವೃತ್ತಿಯಲ್ಲಿ ಪ್ರೋಗ್ರಾಮನ್ನು ಶುರುಮಾಡುವ ಫಂಕ್ಷನ್ನಿಗೇ ಹೊಸ ಆವೃತ್ತಿ ಬಂತು. ಹಾಗಾಗಿ ಉಬುಂಟು 22.04ರಲ್ಲಿ ಎಂದಿನಂತೆ ಲಿಂಕ್ ಮಾಡಿದ ನಾಲ್ಕು ಸಾಲಿನ ಪ್ರೋಗ್ರಾಮೂ 20.04ರಲ್ಲಿ '2.34 ನಾಟ್ ಫೌಂಡ್' ಎಂದು ನಿಂತುಬಿಡುತ್ತದೆ. ಹೊಸ ಜಿಲಿಬ್‌ಸಿಯನ್ನು ಆ ಯಂತ್ರಕ್ಕೆ ನಕಲು ಮಾಡಲು ಹೋಗಬೇಡಿ, ಎಲ್‌ಎಸ್ ಎಂಬ ಸರಳ ಆಜ್ಞೆಯೂ ಓಡದಂತಾಗಬಹುದು. ಬೆಂಬಲಿಸಬೇಕಾದ ಅತಿ ಹಳೆಯ ಸಿಸ್ಟಮ್ ಆವೃತ್ತಿಯ ಕಂಟೇನರ್ (ಪ್ರತ್ಯೇಕವಾದ ಪುಟ್ಟ ಲಿನಕ್ಸ್ ಪರಿಸರ) ತೆರೆದು, ಕಟ್ಟುವುದನ್ನು ಅದರೊಳಗೇ ಮಾಡಿ.