ಉಪ್ಪು ಸುರಿಯುವ ಮುನ್ನ ಸೆಲ್ ನೋಡಿ

ಕೇಳುಗರಿಗೆ ನಮಸ್ಕಾರ. ಮನೆಯ ಈಜುಕೊಳಕ್ಕೆ ಸಾಲ್ಟ್ ಕ್ಲೋರಿನೇಟರ್, ಅಂದರೆ ಕೊಳದ ಉಪ್ಪುನೀರಿಗೆ ಕರೆಂಟ್ ಹಾಯಿಸಿ ಕ್ಲೋರಿನ್ ತಯಾರಿಸುವ ಯಂತ್ರ, ಹಾಕಿಸಿಕೊಂಡವರಿಗಾಗಿ ಇವತ್ತಿನ ಮಾತು.

ಯಂತ್ರದಲ್ಲಿ ಉಪ್ಪು ಕಡಿಮೆ ಎಂಬ ದೀಪ ಹತ್ತಿದ ಕೂಡಲೇ ಒಂದು ಮೂಟೆ ತಂದು ಸುರಿಯುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಬಿಸಿಲಿಗೆ ಆವಿಯಾಗುವುದು ನೀರು, ಉಪ್ಪಲ್ಲ. ಉಪ್ಪಿನಿಂದ ಹುಟ್ಟಿದ ಕ್ಲೋರಿನ್ ಕೂಡ ತನ್ನ ಕೆಲಸ ಮುಗಿಸಿ ಮತ್ತೆ ಉಪ್ಪಾಗಿಯೇ ನೀರಿಗೆ ಸೇರುತ್ತದೆ. ಫಿಲ್ಟರ್ ತೊಳೆಯಲು ನೀರನ್ನು ಹಿಮ್ಮುಖವಾಗಿ ಹರಿಸಿ ಹೊರಬಿಡುವ ಬ್ಯಾಕ್‌ವಾಶ್ ಮಾಡಿದಾಗ, ಮಳೆಗೆ ಕೊಳ ತುಂಬಿ ಹರಿದಾಗ, ಎಲ್ಲಾದರೂ ಸೋರಿದಾಗ ಉಪ್ಪು ಹೋಗುತ್ತದೆ. ಇದೇನೂ ಆಗದೆ ದೀಪ ಹತ್ತಿದ್ದರೆ ಮೊದಲು ಕ್ಲೋರಿನ್ ಹುಟ್ಟುವ ಭಾಗವಾದ ಸೆಲ್ ಬಿಚ್ಚಿ ನೋಡಿ.

ಪಾರದರ್ಶಕ ಕೊಳವೆಯೊಳಗೆ ಸಾಲಾಗಿ ನಿಂತ ಟೈಟಾನಿಯಂ ತಗಡುಗಳು, ಅವುಗಳ ಮೇಲೆ ರುಥೇನಿಯಂನಂಥ ದುಬಾರಿ ಲೋಹದ ತೆಳು ಲೇಪ. ಸೆಲ್ ಅಂದರೆ ಇಷ್ಟೇ. ಹೆಚ್ಚಿನ ಯಂತ್ರಗಳು ಆ ತಗಡುಗಳ ನಡುವೆ ಎಷ್ಟು ಕರೆಂಟ್ ಹರಿಯಿತು ಎಂಬುದರಿಂದಲೇ ಉಪ್ಪನ್ನು ಲೆಕ್ಕ ಹಾಕುತ್ತವೆ. ತಗಡುಗಳ ಸಂದಿಯಲ್ಲಿ ಸುಣ್ಣ ಕಟ್ಟಿಕೊಂಡರೆ ಕರೆಂಟ್ ಕಡಿಮೆಯಾಗುತ್ತದೆ, ಯಂತ್ರ ಅದನ್ನು ಉಪ್ಪಿನ ಕೊರತೆ ಎಂದು ಓದುತ್ತದೆ. ಬೆಂಗಳೂರು, ಕೋಲಾರದ ಕಡೆ ಕೊಳ ತುಂಬಿಸುವುದು ಬಹುಪಾಲು ಬೋರ್‌ವೆಲ್ ಅಥವಾ ಟ್ಯಾಂಕರಿನ ಗಡಸು ನೀರಿನಿಂದ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಹೊಪ್ಪಳೆಯೇ ಸೆಲ್ಲಿನಲ್ಲೂ ಕಟ್ಟುತ್ತದೆ. ಮಳೆನೀರಿನ ಸಂಪ್ ಇರುವವರು ಬೇಸಿಗೆಯಲ್ಲಿ ಕೊಳಕ್ಕೆ ಆ ನೀರನ್ನೇ ಬಿಡಿ. ಅದರಲ್ಲಿ ಗಡಸುತನ ತೀರಾ ಕಡಿಮೆ. ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ.

ಸುಣ್ಣ ಕಂಡರೆ ಕರೆಂಟ್ ಪೂರ್ತಿ ತೆಗೆದು, ಸೆಲ್ ಬಿಚ್ಚಿ, ಮೊದಲು ಪೈಪಿನ ನೀರಿನಿಂದ ತೊಳೆಯಿರಿ. ಅಷ್ಟಕ್ಕೆ ಹೋಗದಿದ್ದರೆ ಪ್ಲಾಸ್ಟಿಕ್ ಬಕೆಟ್ಟಿಗೆ 5 ಪಾಲು ನೀರು ಹಾಕಿ, ಆಮೇಲೆ 1 ಪಾಲು ಮ್ಯೂರಿಯಾಟಿಕ್ ಆಸಿಡ್ (ಹೈಡ್ರೋಕ್ಲೋರಿಕ್ ಆಸಿಡ್) ಬೆರೆಸಿ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು. ಬಯಲಲ್ಲೇ ಮಾಡಿ. ಕೈಗವಸು, ಕನ್ನಡಕ ಬೇಕೇ ಬೇಕು. ಸೆಲ್ಲನ್ನು ವೈರ್ ಕನೆಕ್ಷನ್ ನೆನೆಯದಂತೆ ಅದರಲ್ಲಿ 10 ನಿಮಿಷ ಇಟ್ಟರೆ ಬುರಬುರ ನೊರೆ ಏಳುತ್ತದೆ. ನೊರೆ ನಿಂತಿತೆಂದರೆ ಸುಣ್ಣ ಕರಗಿತು. ಸ್ಕ್ರೂಡ್ರೈವರ್‌ನಿಂದ ಕೆರೆದರೆ ಲೇಪ ಕಿತ್ತುಬರುತ್ತದೆ, ಅಲ್ಲಿಗೆ ಸೆಲ್ ಮುಗಿಯಿತು. ಆಸಿಡ್ ಕೂಡ ಲೇಪವನ್ನು ಸ್ವಲ್ಪ ಸ್ವಲ್ಪ ತಿನ್ನುತ್ತದೆ, ಆದ್ದರಿಂದ ಸುಣ್ಣ ಕಂಡಾಗ ಮಾತ್ರ ಬಳಸಿ.

ಸುಣ್ಣ ಕಟ್ಟುವುದಕ್ಕೆ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, ಏರುವುದೂ ದೊಡ್ಡ ಕಾರಣ. ಸೆಲ್ಲಿನಿಂದ ಹೊರಡುವ ಹೈಡ್ರೋಜನ್ ಗುಳ್ಳೆಗಳು ನೀರಿನಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಎಬ್ಬಿಸಿ ಓಡಿಸುತ್ತವೆ, ಪಿಎಚ್ ಮೇಲೇರುತ್ತದೆ. ವಾರಕ್ಕೆರಡು ಸಲ ಪರೀಕ್ಷಿಸಿ. 7.8 ಮುಟ್ಟಿದರೆ ಕೊಳಕ್ಕೆ ಮ್ಯೂರಿಯಾಟಿಕ್ ಆಸಿಡ್ ಹಾಕಿ 7.5ಕ್ಕೆ ಇಳಿಸಿ. 45,000 ಲೀಟರಿನ ಕೊಳಕ್ಕೆ ಒಂದು ಸಲಕ್ಕೆ 300 ಮಿಲಿ ಸಾಕು. ಪಂಪ್ ಓಡುತ್ತಿರುವಾಗ ಹಾಕಿ, 4 ಗಂಟೆ ಬಿಟ್ಟು ಮತ್ತೆ ನೋಡಿ. ಆಲ್ಕಲಿನಿಟಿ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ, 60ರಿಂದ 80 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು) ಇದ್ದರೆ ಪಿಎಚ್ ಏರುವ ವೇಗವೂ ತಗ್ಗುತ್ತದೆ.

ಈಗ ಉಪ್ಪು. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಕೊಳದಲ್ಲಿ ಸುಮಾರು 45,000 ಲೀಟರ್ ನೀರಿರುತ್ತದೆ. ಬಹುಪಾಲು ಯಂತ್ರಗಳಿಗೆ 3,000ದಿಂದ 3,500 ಪಿಪಿಎಂ ಬೇಕು, ಅಂದರೆ ಹೊಸ ನೀರಿಗೆ 50 ಕಿಲೋದ 3 ಮೂಟೆ. ಕಲ್ಲುಪ್ಪಿನಲ್ಲಿ ಮಣ್ಣು, ಮೆಗ್ನೀಸಿಯಂ ಇರುತ್ತವೆ. ಅಡುಗೆಯ ಪುಡಿಯುಪ್ಪಿನಲ್ಲಿ ಅಯೋಡಿನ್ ಇರುತ್ತದೆ, ಗಂಟುಕಟ್ಟದಂತೆ ಬೆರೆಸಿದ ವಸ್ತುವೂ ಇರುತ್ತದೆ. ವಾಟರ್ ಸಾಫ್ಟ್‌ನರ್‌ಗೆ ಮಾರುವ ಶುದ್ಧ ಉಪ್ಪೇ ಸರಿ. ಯಂತ್ರ ಆಫ್ ಮಾಡಿ, ಪಂಪ್ ಮಾತ್ರ ಓಡಿಸುತ್ತ ಕೊಳದ ಸುತ್ತ ಚೆಲ್ಲಿ, ತಳದಲ್ಲಿ ಕೂತದ್ದನ್ನು ಬ್ರಷ್‌ನಿಂದ ಕದಡಿ, 24 ಗಂಟೆ ಕಾಯಿರಿ. ಉಪ್ಪುನೀರು ಚಿಮ್ಮುವ ಅಂಚಿನಲ್ಲಿ ಶಹಾಬಾದ್ ಕಲ್ಲು ಹಾಸಿದ್ದರೆ ಆಗಾಗ ಸಿಹಿನೀರಿನಿಂದ ತೊಳೆಯಿರಿ, ಇಲ್ಲವಾದರೆ ಕಲ್ಲು ಪದರ ಪದರವಾಗಿ ಏಳುತ್ತದೆ.

ಯಂತ್ರ ಎಷ್ಟು ಹೊತ್ತು ಓಡಬೇಕು? ಈ ಕೊಳದಲ್ಲಿ ದಿನಕ್ಕೆ 3 ಪಿಪಿಎಂ ಕ್ಲೋರಿನ್ ಖರ್ಚಾದರೆ 135 ಗ್ರಾಂ ಬೇಕು. ಗಂಟೆಗೆ 20 ಗ್ರಾಂ ತಯಾರಿಸುವ ಸೆಲ್ 70 ಶೇಕಡಾದಲ್ಲಿ 10 ಗಂಟೆ ಓಡಿದರೆ 140 ಗ್ರಾಂ ಸಿಗುತ್ತದೆ. ಅದರಲ್ಲಿ ಅರ್ಧದಷ್ಟು ಹೊತ್ತನ್ನು ಸಂಜೆಯ ಮೇಲಕ್ಕೆ ಇಡಿ. ಬಿಸಿಲು ಇಲ್ಲದ ಹೊತ್ತಿನಲ್ಲಿ ಹುಟ್ಟಿದ ಕ್ಲೋರಿನ್ ಕೊಳದಲ್ಲಿ ಉಳಿಯುತ್ತದೆ. ಹಗಲಿನಲ್ಲಿ ಅದನ್ನು ಕಾಯುವುದು ಸ್ಟೆಬಿಲೈಸರ್, ಅಂದರೆ ಸಯನ್ಯೂರಿಕ್ ಆಸಿಡ್. ಅದು 60 ಪಿಪಿಎಂ ಇರಲಿ, ಈ ಕೊಳಕ್ಕೆ 2.7 ಕಿಲೋ. ಅದಿಲ್ಲದಿದ್ದರೆ ನಡುಹಗಲಲ್ಲಿ ಗಂಟೆಯೊಳಗೆ ಅರ್ಧ ಕ್ಲೋರಿನ್ ಕರಗಿಹೋಗುತ್ತದೆ, ಸೆಲ್ ಸುಮ್ಮನೆ ದುಡಿದು ಸವೆಯುತ್ತದೆ. ನೀರು ಹಸಿರು ತಿರುಗಿದಾಗಲೂ ಅಷ್ಟೇ, ಯಂತ್ರವನ್ನು 100 ಶೇಕಡಾಕ್ಕೆ ಏರಿಸಿ ಕಾಯಬೇಡಿ. ಕ್ಯಾನಿನಲ್ಲಿ ಸಿಗುವ ಸೋಡಿಯಂ ಹೈಪೋಕ್ಲೋರೈಟ್ ಹಾಕಿ. ಅದನ್ನೂ ಆಸಿಡನ್ನೂ ಎಂದಿಗೂ ಒಟ್ಟಿಗೆ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ಸೆಲ್ಲಿಗೂ ಆಯುಸ್ಸಿದೆ, ಸಾಮಾನ್ಯವಾಗಿ 8,000ದಿಂದ 10,000 ಗಂಟೆ. ಉಪ್ಪು ಸರಿ, ಪಿಎಚ್ ಸರಿ, ತಗಡುಗಳೂ ಶುಭ್ರ, ಆದರೂ ಕ್ಲೋರಿನ್ ಏರುತ್ತಿಲ್ಲವೇ? ಕತ್ತಲಾದ ಮೇಲೆ ಯಂತ್ರವನ್ನು 100 ಶೇಕಡಾದಲ್ಲಿ ಓಡಿಸಿ, ನೀರು ಕೊಳಕ್ಕೆ ಮರಳುವ ಬಾಯಲ್ಲೇ ಒಂದು ಲೋಟ ಹಿಡಿಯಿರಿ, ಆಚೆ ತುದಿಯಿಂದ ಇನ್ನೊಂದು ಲೋಟ. ಎರಡರಲ್ಲೂ ಕ್ಲೋರಿನ್ ಒಂದೇ ಅಳತೆಯಲ್ಲಿದ್ದರೆ ಲೇಪ ಸವೆದಿದೆ, ಹೊಸ ಸೆಲ್ ತರಿಸಿ.