ಎಂಟನೇ ತರಗತಿಯ ಅಂಗಳದಲ್ಲಿ ಒಂದು ಕೋಲು
(ಪ್ರೌಢಶಾಲಾ ವಿಜ್ಞಾನ ಶಿಕ್ಷಕರ ಕಾರ್ಯಾಗಾರದಲ್ಲಿ ಮಾಡಿದ ಉಪನ್ಯಾಸ)

ಅಧ್ಯಕ್ಷರೇ, ಶಿಕ್ಷಕ ಮಿತ್ರರೇ,

ಇನ್ನು ಕೆಲವೇ ದಿನಗಳಲ್ಲಿ ಶಾಲೆಗಳು ಪುನರಾರಂಭವಾಗಲಿದ್ದು, ಏಳನೇ ತರಗತಿ ಮುಗಿಸಿದ ಮಕ್ಕಳು ನಿಮ್ಮ ಪ್ರೌಢಶಾಲೆಗೆ ಬರಲಿದ್ದಾರೆ. ಅವರಿಗೆ ವಿಷಯಕ್ಕೊಬ್ಬ ಶಿಕ್ಷಕರು ಹೊಸದು, ಪೀರಿಯಡ್ಡಿನ ಗಡಿಬಿಡಿ ಹೊಸದು, ಹಲವರಿಗೆ ಮಾಧ್ಯಮವೂ ಹೊಸದು. ಇದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ. ನನ್ನ ಕೋರಿಕೆ ಒಂದೇ: ಸೇತುಬಂಧದ, ಅಂದರೆ ಹಿಂದಿನ ತರಗತಿಯ ಕಲಿಕೆಯನ್ನು ಹೊಸ ತರಗತಿಗೆ ಜೋಡಿಸುವ ಪಾಠಗಳ, ಆ ಮೊದಲ ವಾರಗಳಲ್ಲಿ ಮಗು ನೋಡಲಿ, ಅಳೆಯಲಿ, ಬರೆದಿಡಲಿ, ವ್ಯಾಖ್ಯೆ ಆಮೇಲೆ ಬರಲಿ.

ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಕಂಡದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಜುಲೈ ಮೊದಲ ವಾರ, ಮೋಡ ಬಿಟ್ಟಿದ್ದ ದಿನ. ವಿಜ್ಞಾನದ ಮೇಡಂ ಎಂಟನೇ ತರಗತಿಯ ಮಕ್ಕಳನ್ನು ಅಂಗಳಕ್ಕೆ ಕರೆತಂದು, ಒಂದು ಮೀಟರ್ ಎತ್ತರ ನಿಲ್ಲುವಂತೆ ಕೋಲು ನೆಟ್ಟು, ದಾರಕ್ಕೆ ಕಲ್ಲು ಕಟ್ಟಿ ಅದು ನೆಟ್ಟಗಿದೆಯೇ ಎಂದು ಮಕ್ಕಳಿಂದಲೇ ಪರೀಕ್ಷೆ ಮಾಡಿಸಿದರು. ಹನ್ನೊಂದೂವರೆಯಿಂದ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಬೇಕು, ಉದ್ದ ಅಳೆಯಬೇಕು, ಅಷ್ಟೇ ಕೆಲಸ. ಹನ್ನೆರಡು ಗಂಟೆಗೆ ನೆರಳು ಅತಿ ಚಿಕ್ಕದಾಗುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹನ್ನೆರಡಕ್ಕೆ ಅಳೆದರೆ ಸುಮಾರು 19 ಸೆಂಟಿಮೀಟರ್. ಆದರೆ ಹನ್ನೆರಡೂಕಾಲಿಗೆ ಅದು ಇನ್ನೂ ಕುಗ್ಗಿತ್ತು, 12.25ರ ಆಸುಪಾಸಿನಲ್ಲಿ 16 ಸೆಂಟಿಮೀಟರ್‌ಗೆ ಬಂದು, ಅನಂತರ ಬೆಳೆಯತೊಡಗಿತು. ಒಬ್ಬ ಹುಡುಗ ಶಾಲೆಯ ಗಡಿಯಾರವೇ ಮುಂದಿದೆ ಎಂದು ವಾದಿಸಿ, ಆಫೀಸಿನೊಳಗೆ ಓಡಿ, ಮುಖ್ಯೋಪಾಧ್ಯಾಯರ ಮೊಬೈಲಿನಲ್ಲಿ ಸಮಯ ನೋಡಿಕೊಂಡು ಬಂದ. ಗಡಿಯಾರ ಸರಿಯಾಗಿಯೇ ಇತ್ತು.

ಅಷ್ಟರಲ್ಲಿ ಇನ್ನೊಂದು ತಕರಾರು ಎದ್ದಿತ್ತು: ಆ ಅತಿ ಚಿಕ್ಕ ನೆರಳು ಬಿದ್ದದ್ದು ದಕ್ಷಿಣಕ್ಕೆ. ಸೂರ್ಯ ನಡುಹಗಲಿನಲ್ಲಿ ದಕ್ಷಿಣದ ಕಡೆಗಿರುತ್ತಾನೆ, ನೆರಳು ಉತ್ತರಕ್ಕೆ ಬೀಳಬೇಕು ಎಂದು ಪುಸ್ತಕ ಓದಿದ ಮಕ್ಕಳು ಪಟ್ಟು ಹಿಡಿದರು. ಆಗ, ಅದುವರೆಗೂ ಬಾಯಿ ಬಿಡದೆ ಹಿಂದೆ ನಿಂತಿದ್ದ ಒಬ್ಬ ಹುಡುಗಿ, "ಮಿಸ್, ಈಗ ನಮ್ಮನೆ ಉತ್ತರದ ಗೋಡೆಗೆ ಬಿಸಿಲು ಬೀಳುತ್ತೆ. ದೀಪಾವಳಿ ಹೊತ್ತಿಗೆ ಬೀಳಲ್ಲ" ಎಂದಳು. ಮೇಡಂ ಉತ್ತರ ಹೇಳಿಬಿಡಲಿಲ್ಲ, "ಹಾಗಾದರೆ ಸೂರ್ಯ ಎಲ್ಲಿದ್ದಾನೆ?" ಎಂದು ಕೇಳಿ ಸುಮ್ಮನಾದರು. ಅವರು ಸುಮ್ಮನಿದ್ದ ಆ ಎರಡು ನಿಮಿಷವೇ ಅಂದಿನ ಪಾಠ ಎಂದು ನಾನು ನಂಬಿದ್ದೇನೆ.

ವಿವರಣೆ ಮರುದಿನ ಬಂತು. ನಮ್ಮ ಗಡಿಯಾರಗಳು ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ತುಮಕೂರು ಇರುವುದು 77 ಡಿಗ್ರಿಯ ಸಮೀಪ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಹೀಗೆ ಇಪ್ಪತ್ತೆರಡು ನಿಮಿಷದಷ್ಟು ತಡ. ಉಳಿದ ಮೂರ್ನಾಲ್ಕು ನಿಮಿಷಕ್ಕೆ ಭೂಮಿಯ ಓರೆ ಅಕ್ಷ ಮತ್ತು ದೀರ್ಘವೃತ್ತಾಕಾರದ ಕಕ್ಷೆ ಕಾರಣ. ಇನ್ನು ದಿಕ್ಕಿನ ವಿಷಯ. ಸೂರ್ಯ ನೆತ್ತಿಯ ಮೇಲೆ ಬರುವುದಕ್ಕೆ ಉತ್ತರದ ಕೊನೆಯ ಗಡಿ ಕರ್ಕಾಟಕ ಸಂಕ್ರಾಂತಿ ವೃತ್ತ. ಕರ್ನಾಟಕವಿಡೀ ಅದರ ದಕ್ಷಿಣಕ್ಕಿರುವುದರಿಂದ, ನಮ್ಮ ಪ್ರತಿಯೊಂದು ಊರಿನಲ್ಲೂ ವರ್ಷಕ್ಕೆ ಎರಡು ಬಾರಿ ಸೂರ್ಯ ನೆತ್ತಿಯ ಮೇಲೆ ಬಂದು ನೆರಳು ಬುಡದಲ್ಲೇ ಅಡಗುತ್ತದೆ. ಬೆಂಗಳೂರಿನಲ್ಲಿ ಆ ಶೂನ್ಯ ನೆರಳಿನ ದಿನಗಳು ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ. ಕಲಬುರಗಿಯಲ್ಲಿ ಮೇ ಎರಡನೇ ವಾರ ಮತ್ತು ಆಗಸ್ಟ್ ಮೊದಲ ವಾರ. ಈ ನಡುವಣ ಅವಧಿಯಲ್ಲಿ ನಡುಹಗಲಿನ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಏಪ್ರಿಲ್ ಮತ್ತು ಮೇ ರಜೆಯಲ್ಲಿ ಹೋದರೂ ಆಗಸ್ಟ್ ನಮ್ಮ ಕೈಯಲ್ಲಿದೆ. ಕರಾವಳಿ ಮತ್ತು ಮಲೆನಾಡಿನ ಶಿಕ್ಷಕರು ಮುಖ ನೋಡಿಕೊಳ್ಳುತ್ತಿದ್ದೀರಿ. ಆ ತಿಂಗಳು ನಿಮಗೆ ಸೂರ್ಯ ಸಿಗುವುದೇ ಅಪರೂಪ, ನಿಜ. ನೀವು ಅಕ್ಟೋಬರ್‌ನಲ್ಲಿ ಮಾಡಿ. ನೆರಳು ಉತ್ತರಕ್ಕೆ ಬೀಳುತ್ತದೆ, ಹನ್ನೆರಡಕ್ಕೇ ಅದು ಅತಿ ಚಿಕ್ಕದಾಗುತ್ತದೆಯೇ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿರುತ್ತದೆ.

ಆ ತರಗತಿಯಲ್ಲಿ "ಅಕ್ಷಾಂಶ ಎಂದರೇನು?" ಎಂಬ ಪ್ರಶ್ನೆ ಮೇಡಂ ಅವರಿಂದ ಬರಲಿಲ್ಲ, ಮಕ್ಕಳಿಂದ ಬಂತು. ವ್ಯಾಖ್ಯೆ ಆಮೇಲೆ ಬರಲಿ ಎಂದು ನಾನು ಹಟ ಹಿಡಿದಿರುವುದು ಇದಕ್ಕಾಗಿಯೇ. ಕೇಳಿದ ಮೇಲೆ ಸಿಕ್ಕ ವ್ಯಾಖ್ಯೆಯನ್ನು ಮಗು ಬಾಯಿಪಾಠ ಮಾಡಬೇಕಾಗುವುದಿಲ್ಲ.

"ಪೋರ್ಷನ್ ಮುಗಿಸುವುದು ಯಾವಾಗ, ಪರೀಕ್ಷೆಯಲ್ಲಿ ಇದನ್ನು ಯಾರು ಕೇಳುತ್ತಾರೆ?" ಎಂದು ನೀವು ಕೇಳುವುದು ನ್ಯಾಯವೇ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹದಿನಾರು ಶಾಲೆಗಳಲ್ಲಿ, ಆರರಿಂದ ಎಂಟನೇ ತರಗತಿಯ ಮಕ್ಕಳಿಗಾಗಿ ಆರಂಭವಾದ ವಿಜ್ಞಾನ ಬೋಧನಾ ಕಾರ್ಯಕ್ರಮ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿತು. ಅಲ್ಲಿ ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡೇ ಲಿಖಿತ ಪರೀಕ್ಷೆ ಬರೆದರು, ಜೊತೆಗೆ ಪ್ರಯೋಗ ಪರೀಕ್ಷೆಯನ್ನೂ ಎದುರಿಸಿದರು. ಮೂರು ದಶಕ ಸರ್ಕಾರಿ ಶಾಲೆಗಳಲ್ಲೇ ನಡೆದ ಆ ಪ್ರಯತ್ನವನ್ನು 2002ರಲ್ಲಿ ಅಲ್ಲಿನ ಸರ್ಕಾರ ನಿಲ್ಲಿಸಿತು. ಅದು ನಿಂತುಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ. ಪರೀಕ್ಷಾ ಪದ್ಧತಿಯನ್ನು ಬದಲಿಸುವ ಅಧಿಕಾರ ನಮಗಿಲ್ಲ. ಆದರೆ ರೂಪಣಾತ್ಮಕ ಮೌಲ್ಯಮಾಪನದ, ಅಂದರೆ ಪಾಠ ನಡೆಯುತ್ತಿರುವಾಗಲೇ ಕಲಿಕೆಯನ್ನು ಅಳೆಯುವ ಮೌಲ್ಯಮಾಪನದ, ಚಟುವಟಿಕೆಯನ್ನು ಆರಿಸುವವರು ನಾವೇ. ಅಂಗಡಿಯಿಂದ ತಂದ ಥರ್ಮಾಕೋಲ್ ಮಾದರಿಗೆ ಕೊಡುವ ಅಂಕವನ್ನು, ನೆರಳಿನ ಅಳತೆ ಬರೆದಿಟ್ಟ ನೋಟ್‌ಬುಕ್ಕಿಗೆ ಕೊಡಲು ಯಾವ ಸುತ್ತೋಲೆಯೂ ಬೇಕಿಲ್ಲ.

ಸಮಯ ಮುಗಿಯಿತೆಂದು ಚೀಟಿ ಬಂದಿದೆ. ಪ್ರಯೋಗಾಲಯದ ಬಗ್ಗೆ ಹೇಳಬೇಕೆಂದಿದ್ದವನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. ಬೀರುವಿನ ಬೀಗ ಜೂನ್‌ನಲ್ಲೇ ತೆಗೆಯಿರಿ, ಸೂಕ್ಷ್ಮದರ್ಶಕವನ್ನು ಎಂಟನೇ ತರಗತಿಯವರೂ ಮುಟ್ಟಲಿ. ಗುಂಪು ಮಾಡುವಾಗ ನಾಲ್ಕು ಮಕ್ಕಳಿಗಿಂತ ಹೆಚ್ಚು ಬೇಡ. ಎಂಟು ಮಂದಿ ಸೇರಿದರೆ ಇಬ್ಬರು ಅಳೆಯುತ್ತಾರೆ, ಉಳಿದವರು ನಕಲು ಮಾಡುತ್ತಾರೆ. ರಸಾಯನಶಾಸ್ತ್ರದ ಪ್ರಯೋಗಗಳ ಸುರಕ್ಷತೆಯ ಕುರಿತು ತಂದಿದ್ದ ಟಿಪ್ಪಣಿಯನ್ನು ಸಂಘಟಕರಿಗೆ ಕೊಟ್ಟಿದ್ದೇನೆ. ಊಟದ ನಂತರದ ಗುಂಪು ಚರ್ಚೆಯಲ್ಲಿ ಅದನ್ನು ಎತ್ತಿಕೊಳ್ಳೋಣ.